ಅತ್ತೆಯವರ ನೂರಾ ಹನ್ನೆರಡು ಹೊಡೆತಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಗಾಲ್ಫ್ ಮೈದಾನಕ್ಕೆ ಇದುವರೆಗೆ ಕಾಲಿಟ್ಟವನಲ್ಲ. ಊರಿನ ನಡುವೆ ಅಂಥದೊಂದು ಮೈದಾನವಿದೆ. ಬಸ್ಸಿನ ಕಿಟಕಿಯಿಂದ, ಮರಗಳ ಸಂದಿಯಲ್ಲಿ, ನಾಲ್ಕೈದು ಕ್ಷಣ ಅದರ ಹಸಿರು ಕಾಣಿಸುತ್ತದೆ. ಅಷ್ಟರಲ್ಲಿ ಕಂಡಕ್ಟರು "ಮುಂದೆ ಹೋಗಿ ಸಾರ್, ಒಳಗೆಲ್ಲಾ ಖಾಲಿ ಇದೆ" ಎಂದು ನನ್ನನ್ನು ಆ ಹಸಿರಿನಿಂದ ಕಿತ್ತು ಇನ್ಯಾರದೋ ಬೆವರಿನ ಬೆನ್ನಿಗೆ ಅಂಟಿಸುತ್ತಾನೆ. ಆ ಹಸಿರಿನಲ್ಲಿ ಬಿಳಿ ಟೋಪಿ ಹಾಕಿಕೊಂಡವರೊಬ್ಬರು ಕೋಲು ಹಿಡಿದು ಯಾವಾಗಲೂ ಸುಮ್ಮನೆ ನಿಂತಿರುತ್ತಾರೆ. ಇಷ್ಟು ವರ್ಷಗಳಲ್ಲಿ ಅವರು ಚೆಂಡನ್ನು ಹೊಡೆದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಗಾಲ್ಫಿನ ಬಗ್ಗೆ ನನ್ನ ತಿಳಿವಳಿಕೆ ಇಷ್ಟೇ. ಹೀಗಿದ್ದೂ ಬನಶಂಕರಿ ಮೂರನೇ ಹಂತದ ನಮ್ಮ ಮನೆಯ ಹಾಲಿನಲ್ಲಿ ನಾಲ್ಕೈದು ತಿಂಗಳು, ಪ್ರತಿ ಸಂಜೆ, ಗಾಲ್ಫ್ ನಡೆಯಿತು. ಆಡುತ್ತಿದ್ದವರು ನಾನು ಮತ್ತು ನನ್ನ ಅತ್ತೆಯವರು. ಆಡಿದ ರೀತಿಯನ್ನು ಆ ಬಿಳಿ ಟೋಪಿಯವರು ನೋಡಿದ್ದರೆ ಟೋಪಿ ಕಿತ್ತು ನೆಲಕ್ಕೆಸೆದು ಮನೆಗೆ ಹೋಗುತ್ತಿದ್ದರು.

ಅದು ಹೊಸ ಶತಮಾನ ಹೊಸ ಚಪ್ಪಲಿಯ ಹಾಗೆ ಇನ್ನೂ ಕಚ್ಚುತ್ತಿದ್ದ ಕಾಲ. ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಇನ್ನು ಮುಂದೆ ಪ್ರಶ್ನೆಪತ್ರಿಕೆಗಳನ್ನು ಕೈಯಲ್ಲಿ ಬರೆದುಕೊಟ್ಟರೆ ನಡೆಯದು, ಕಂಪ್ಯೂಟರಿನಲ್ಲೇ ತಯಾರಿಸಿ ತರಬೇಕು ಎಂದು ನಮ್ಮ ಹೆಡ್ಮಾಸ್ಟರು ಅಪ್ಪಣೆ ಮಾಡಿದರು. ಜಯನಗರ ನಾಲ್ಕನೇ ಬ್ಲಾಕಿನ ಒಂದು ಮಹಡಿ ಅಂಗಡಿಯಲ್ಲಿ ಬಿಡಿಭಾಗಗಳನ್ನು ಜೋಡಿಸಿಕೊಟ್ಟ ಕಂಪ್ಯೂಟರನ್ನು ಆಟೋದಲ್ಲಿ, ಮಾನಿಟರನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪ್ರತಿ ರಸ್ತೆಯುಬ್ಬಿಗೂ "ನಿಧಾನ ಕಣಪ್ಪಾ, ನಿಧಾನ" ಎಂದು ಬೇಡಿಕೊಳ್ಳುತ್ತಾ ಮನೆಗೆ ತಂದೆ. ಅಂಗಡಿಯವನು ಹೊರಡುವಾಗ ಹೇಳಿದ್ದ: "ಸಾರ್, ಮೈಂಡ್ ಫ್ರೀ ಆಗೋಕೆ ಅಂತ ಒಂದು ಗೇಮ್ ಹಾಕಿದೀನಿ. ಗಾಲ್ಫು. ಗಲಾಟೆ ಇಲ್ಲ, ಗುಂಡು ಗಿಂಡು ಏನೂ ಇಲ್ಲ. ಸಖತ್ತಾಗಿದೆ." ಮೊದಲ ಒಂದು ತಿಂಗಳು ಆ ಯಂತ್ರದಿಂದ ಒಂದೇ ಒಂದು ಪ್ರಶ್ನೆಪತ್ರಿಕೆಯೂ ಹೊರಬರಲಿಲ್ಲ. ಮೈಂಡ್ ಮಾತ್ರ ಪೂರ್ತಿ ಫ್ರೀ ಆಯಿತು.

ಆಟ ಹೇಗಿತ್ತೆಂದು ಹೇಳಬೇಕು. ಆಕಾಶದಲ್ಲಿ ಕೂತು ಕೆಳಗೆ ನೋಡಿದಂತೆ ಒಂದು ಹಸಿರು ಅಂಗಳ. ಅದರ ಒಂದು ಮೂಲೆಯಲ್ಲಿ ಬಿಳಿ ಚೆಂಡು, ಇನ್ನೆಲ್ಲೋ ಒಂದು ಗುಂಡಿ. ನಡುವೆ ಮರದ ಬೇಲಿಗಳು, ಮರಳು, ದುಂಡನೆಯ ಮರಗಳು, ತಿರುಗುವ ಗಾಳಿಗಿರಣಿ, ಒಂದು ಕೊಳ. ಕೊಳದಲ್ಲಿ ಎರಡು ಬಾತುಕೋಳಿಗಳು ಈ ದಡದಿಂದ ಆ ದಡಕ್ಕೆ ಹೋಗುತ್ತವೆ, ಏನೋ ಮರೆತವರಂತೆ ತಿರುಗಿ ಬರುತ್ತವೆ. ಯಾವ ಬೇಲಿಗೆ ಯಾವ ಕೋನದಲ್ಲಿ ತಾಗಿಸಿದರೆ ಚೆಂಡು ಪುಟಿದು ಗುಂಡಿಯ ಕಡೆ ಹೋದೀತು ಎಂಬುದೇ ಒಗಟು. ಇಂಥ ಹದಿನೆಂಟು ಅಂಗಳಗಳು. ಗಡಿಯಾರವಿಲ್ಲ, ಎದುರಾಳಿಯಿಲ್ಲ, ಯಾರೂ ಬೈಯುವುದಿಲ್ಲ. ಹಿನ್ನೆಲೆಯಲ್ಲಿ ಕೊಳಲಿನಂಥ ಒಂದು ಸದ್ದು, ಆಗೊಮ್ಮೆ ಈಗೊಮ್ಮೆ ಹೆಸರು ಗೊತ್ತಿಲ್ಲದ ಹಕ್ಕಿ. ಚೆಂಡು ನೀರಿಗೆ ಬಿದ್ದರೆ "ಬುಳಕ್" ಎಂದು ಸದ್ದಾಗಿ, ಮೊದಲಿದ್ದ ಜಾಗಕ್ಕೇ ಹಿಂತಿರುಗಿ ಬಂದು ಕೂರುತ್ತಿತ್ತು. ತಪ್ಪು ಮಾಡಿದವನಿಗೆ ಇಷ್ಟು ಮರ್ಯಾದೆ ಕೊಡುವ ವ್ಯವಸ್ಥೆಯನ್ನು ನಾನು ಶಿಕ್ಷಣ ಇಲಾಖೆಯಲ್ಲಿ ಕಂಡಿರಲಿಲ್ಲ.

ಪರದೆಯ ಮೇಲ್ಗಡೆ ಎರಡು ಅಂಕಿಗಳಿದ್ದವು. ಒಂದು ಬದಲಾಗುತ್ತಿರಲಿಲ್ಲ, ಮೂರೋ ನಾಲ್ಕೋ ಇರುತ್ತಿತ್ತು. ಇನ್ನೊಂದು, ಹೊಡೆದ ಹಾಗೆಲ್ಲ ಒಂದೊಂದೇ ಏರುತ್ತಿತ್ತು. ಇಪ್ಪತ್ತಾರು ವರ್ಷ ಉತ್ತರಪತ್ರಿಕೆ ತಿದ್ದಿದ ನನಗೆ ಇದರ ಅರ್ಥ ಹೇಳಿಕೊಡಬೇಕೇ? ಬದಲಾಗದ್ದು ಪಾಸ್ ಮಾರ್ಕು; ಏರುವುದು ಪಡೆದ ಅಂಕ. ಮೂರು ದಾಟಿದರೆ ಪಾಸು, ಮೂವತ್ತಾದರೆ ಫಸ್ಟ್ ಕ್ಲಾಸು, ಅದರ ಮೇಲೆ ಡಿಸ್ಟಿಂಕ್ಷನ್. ಗಾಲ್ಫ್ ಬಲ್ಲವರು ಈಗಾಗಲೇ ನಗುತ್ತಿದ್ದೀರಿ, ಗೊತ್ತು. ತಿಳಿಯದವರಿಗೆ ಹೇಳಿಬಿಡುತ್ತೇನೆ: ಆ ಆಟದಲ್ಲಿ ಕಡಿಮೆ ಹೊಡೆತದಲ್ಲಿ ಚೆಂಡನ್ನು ಗುಂಡಿಗೆ ಹಾಕಿದವನೇ ಜಾಣ. ಇದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ ಹೇಳಿ? ನಾವು ಆಡಿ ಬೆಳೆದ ಚಿನ್ನಿದಾಂಡಿನಲ್ಲಿ ದಾಂಡಿನಿಂದ ಅಳೆದಷ್ಟೂ ಲಾಭ. ಕ್ರಿಕೆಟ್ಟಿನಲ್ಲಿ ರನ್ನು ಏರಬೇಕು, ಪರೀಕ್ಷೆಯಲ್ಲಿ ಅಂಕ ಏರಬೇಕು, ದೇವಸ್ಥಾನದಲ್ಲಿ ಪ್ರದಕ್ಷಿಣೆ ಮೂರಕ್ಕಿಂತ ಹನ್ನೊಂದು ಮೇಲು, ಹನ್ನೊಂದಕ್ಕಿಂತ ನೂರೆಂಟು ಮೇಲು. ಕಡಿಮೆಯಾದಷ್ಟೂ ಒಳ್ಳೆಯದೆಂದು ನಮ್ಮ ಮನೆಯಲ್ಲಿ ಒಪ್ಪಿಕೊಂಡಿದ್ದದ್ದು ಎರಡೇ, ಜ್ವರ ಮತ್ತು ನೆಂಟರು ಉಳಿಯುವ ದಿನಗಳು. ಹಾಗಾಗಿ ನಾನು ಚೆಂಡನ್ನು ಗುಂಡಿಯ ಹತ್ತಿರಕ್ಕೆ ತಂದು, ಬೀಳಿಸದೆ, ಮತ್ತೆ ದೂರ ಕರೆದೊಯ್ದು, ಸಾಕಷ್ಟು ಅಂಕ ಸಂಪಾದಿಸಿ, ಆಮೇಲೆ ಗಂಭೀರವಾಗಿ ಗುಂಡಿಗೆ ಹಾಕುತ್ತಿದ್ದೆ.

ಇನ್ನು ನಮ್ಮತ್ತೆ. ನನ್ನ ಹೆಂಡತಿ ವಸಂತಳ ತಾಯಿ. ಹತ್ತು ವರ್ಷದಿಂದ ನಮ್ಮ ಜೊತೆಗೇ ಇದ್ದರು. ಈ ಹತ್ತು ವರ್ಷದಲ್ಲಿ ನಾವಿಬ್ಬರೂ ನೇರವಾಗಿ ಆಡಿಕೊಂಡ ಮಾತು ಹತ್ತು ವಾಕ್ಯಗಳಿರಬಹುದು. ಜಗಳವಲ್ಲ, ಅಯ್ಯೋ, ಖಂಡಿತ ಅಲ್ಲ. ಅವರದು ಹಳೇ ಕಾಲದ ಮರ್ಯಾದೆ: ಅಳಿಯನ ಎದುರು ಕುರ್ಚಿಯಲ್ಲಿ ಕೂರಬಾರದು, ಎದುರಿಗೆ ನಿಂತು ಮಾತಾಡಬಾರದು. ನಾನು ಎರಡೇ ಮಾರು ದೂರದಲ್ಲಿ ಪೇಪರು ಓದುತ್ತಾ ಕೂತಿದ್ದರೂ "ಅವರು ಇನ್ನೊಂದು ಲೋಟ ಕಾಫಿ ತಗೋತಾರೇನೋ ಕೇಳಮ್ಮ" ಎಂದು ಅಡುಗೆಮನೆಯಿಂದ ಮಗಳಿಗೆ ಹೇಳುವರು. ನಾನೂ ಹಾಗೇ, "ಬೇಡ ಅಂತ ಹೇಳು ವಸಂತಾ" ಎನ್ನುವೆ. ವಸಂತ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಇಬ್ಬರ ಮಾತೂ ಇಬ್ಬರಿಗೂ ಕೇಳಿಸಿಯಾಗಿರುತ್ತಿತ್ತು.

ಅತ್ತೆಯವರ ದಿನದಲ್ಲಿ ಎರಡು ಸುಖಗಳಿದ್ದವು. ಬೆಳಗಾಗೆದ್ದು ಹೊಸಕೆರೆಹಳ್ಳಿಯ ಕೆರೆಯ ಕಡೆ ಒಂದು ಸುತ್ತು ಹೋಗಿ ಬರುವುದು ಮೊದಲನೆಯದು. ಬರುವ ದಾರಿಯಲ್ಲಿ ಕಂಡವರ ಕಾಂಪೌಂಡಿನಿಂದ ಪೂಜೆಗೆ ಹೂ ಕೀಳುವುದು ಎರಡನೆಯದು. ಇದಕ್ಕಾಗಿ ಅವರಲ್ಲಿ ಒಂದು ಪ್ಲಾಸ್ಟಿಕ್ ಕವರೂ ತುದಿ ಬಾಗಿಸಿದ ಕೊಡೆಯ ಕಡ್ಡಿಯೂ ಇದ್ದವು. ಆ ವರ್ಷ ಸಂಕ್ರಾಂತಿ ಕಳೆದ ವಾರ, ಯಾರದೋ ಮನೆಯ ದಾಸವಾಳಕ್ಕೆ ತುದಿಗಾಲಲ್ಲಿ ನಿಂತು ಕೈ ಚಾಚಿದಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಒಳಗೆ ಪ್ಲೇಟು ಕೂತಿತು, ನಾಲ್ಕು ಕಾಲಿನ ವಾಕರು ಮನೆಗೆ ಬಂತು. "ಅಜ್ಜಿ, ಈಗಿಂದ್ಲೇ ನಡೀಬೇಕು. ಭಯ ಅಂತ ಮಲಗಿಬಿಟ್ರೆ ಆಮೇಲೆ ಏಳೋಕಾಗಲ್ಲ" ಎಂದರು ಡಾಕ್ಟರು. ಅಜ್ಜಿ ಮಲಗಿಬಿಟ್ಟರು. ನೋವಿಗಲ್ಲ, ಭಯಕ್ಕೆ. ಎರಡು ವಾರ ವ್ಯಾಯಾಮ ಹೇಳಿಕೊಡುವವರು ಬಂದು ರಮಿಸಿ, ಗದರಿ, ಸೋತು ಹೋದರು. "ಮತ್ತೆ ಬಿದ್ರೆ?" ಎಂಬ ಒಂದೇ ಪ್ರಶ್ನೆ ಅತ್ತೆಯವರದು. ವಸಂತ ಅಡುಗೆಮನೆಯಲ್ಲಿ ಸದ್ದಿಲ್ಲದೆ ಅಳುತ್ತಿದ್ದಳು. ಹತ್ತಿರ ಹೋಗಿ ಕೈಹಿಡಿದು ಎಬ್ಬಿಸೋಣವೆಂದರೆ ನಾನು ಅಳಿಯ. ಕೈ ಹಿಡಿಯುವುದಿರಲಿ, ಎದುರು ಹೋದರೆ ಅವರು ಮಲಗಿದಲ್ಲೇ ಸೆರಗು ಎಳೆದುಕೊಳ್ಳುತ್ತಾ ಏಳಲು ಒದ್ದಾಡುತ್ತಿದ್ದರು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಅವರ ಕೋಣೆಯ ಬಾಗಿಲು ಹಾಲಿಗೆ ತೆರೆಯುತ್ತಿತ್ತು. ಮಂಚದಿಂದ ನೋಡಿದರೆ ಕಂಪ್ಯೂಟರಿನ ಒಂದು ಅಂಚು, ಅಂಗೈಯಗಲ ಹಸಿರು, ಕಾಣಿಸುತ್ತಿತ್ತು. ಒಂದು ಸಂಜೆ ಒಳಗಿನಿಂದ ದನಿ ಬಂತು: "ವಸಂತಾ, ಅವರ ಪೆಟ್ಟಿಗೇಲಿ ಕೆರೆ ಇದೆಯಂತಲ್ಲ, ಬಾತುಕೋಳಿ ಏನಾದ್ರೂ ಇದೆಯಾ ಕೇಳು."

"ಎರಡಿವೆ ಅಂತ ಹೇಳು. ಬಂದ್ರೆ ಕಾಣ್ಸತ್ತೆ ಅಂತಾನೂ ಹೇಳು," ಎಂದೆ.

ಆಮೇಲೆ ವಾಕರಿನ ಕಾಲು ನೆಲಕ್ಕೆ ತಾಗಿದ ಸದ್ದು. ವಸಂತ ಓಡಿದಳು. ಮಂಚದಿಂದ ಕಂಪ್ಯೂಟರಿಗೆ ಹನ್ನೆರಡು ಹೆಜ್ಜೆ. ನಾನು ತಿರುಗಿ ನೋಡಲಿಲ್ಲ, ನೋಡಿದರೆ ಅವರು ನಿಂತುಬಿಡುತ್ತಾರೆಂದು ಗೊತ್ತಿತ್ತು, ಕಿವಿಯಲ್ಲೇ ಎಣಿಸಿದೆ. ಹನ್ನೆರಡನೆಯದಕ್ಕೆ ನನ್ನ ಬೆನ್ನ ಹಿಂದೆ ಏದುಸಿರು. ಗಾಬರಿಯಲ್ಲಿ ನಾನು ಹೊಡೆದ ಚೆಂಡು ನೇರ ಕೊಳದ ಕಡೆ ಉರುಳಿತು. "ಅಯ್ಯೋ, ಅಲ್ಲಿ ನೀರು ನೀರು!" ಎಂದು ಅತ್ತೆ ಕೂಗಿದರು. ನನಗೇ ಹೇಳಿದ ಮಾತು, ಮಗಳ ಮೂಲಕವಲ್ಲ. ಬುಳಕ್ ಎಂದಿತು. ಚೆಂಡು ಸುರಕ್ಷಿತವಾಗಿ ಹಿಂತಿರುಗಿ ಬಂದದ್ದನ್ನು ನೋಡಿ ಅವರು ವಾಕರಿನ ಮೇಲೆ ಮುಂದಕ್ಕೆ ಬಾಗಿದರು. "ಬಿದ್ರೂ ವಾಪಸ್ ಬಂತಲ್ಲ" ಎಂದರು, ತಮಗೆ ತಾವೇ.

ಹಾಗೆ ಶುರುವಾಯಿತು. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ, ಅವರು ಕೂತರು, ನಾನು ಹಿಂದೆ ನಿಂತೆ. ಅಳಿಯನ ಎದುರು ಕೂರಬಾರದೆಂಬ ನಿಯಮಕ್ಕೂ ಭಂಗ ಬರಲಿಲ್ಲ, ಯಾಕೆಂದರೆ ಇಬ್ಬರೂ ಎದುರುಬದುರಾಗಿರಲಿಲ್ಲ. ಇಬ್ಬರ ಎದುರಿಗೂ ಕೊಳವಿತ್ತು. ಮುಖ ನೋಡಿಕೊಂಡು ಹತ್ತು ವರ್ಷ ಆಡಲಾಗದ ಮಾತುಗಳು ಒಂದೇ ಕಡೆ ನೋಡುತ್ತಾ ನಿಂತರೆ ಸಲೀಸಾಗಿ ಬರುತ್ತವೆ. ಮೌಸನ್ನು ಅವರು ಬಾಳೆಲೆಯ ಮೇಲೆ ಹೋಳಿಗೆ ತಟ್ಟುವಷ್ಟು ಹಗುರವಾಗಿ ಹಿಡಿಯುತ್ತಿದ್ದರು. ಚೆಂಡು ಅವರ ಕೈಯಲ್ಲಿ ಹಾರುತ್ತಲೇ ಇರಲಿಲ್ಲ, ನಡೆಯುತ್ತಿತ್ತು. ಮರದ ಕೆಳಗೆ ನಿಲ್ಲುತ್ತಿತ್ತು. ಬಾತುಕೋಳಿ ದಾಟುವವರೆಗೆ ಕಾಯುತ್ತಿತ್ತು. "ನಮ್ಮ ಕೆರೆ ಏರಿ ಮೇಲೂ ಹಿಂಗೇ ಒಂದು ಮರ ಇತ್ತು, ಕಡಿದುಹಾಕಿದ್ರು" ಎಂದು ನನಗೆ ಹೇಳುತ್ತಿದ್ದರು. ಸಂಜೆಯ ಬಿಸಿಲು ಕಿಟಕಿಯ ಸರಳುಗಳಿಂದ ಇಳಿದು ಪರದೆಯ ಹಸಿರಿನ ಮೇಲೆ ಬೀಳುತ್ತಿತ್ತು, ಕೊಳಲು ನಿಧಾನವಾಗಿ ಸುತ್ತಿ ಸುತ್ತಿ ಬರುತ್ತಿತ್ತು, ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋಗುತ್ತಿದ್ದಳು, ಆ ಹೊತ್ತಿನಲ್ಲಿ ನಾವು ಯಾವ ಊರಿನಲ್ಲಿದ್ದೇವೆಂಬುದೇ ನನಗೆ ಮರೆತುಹೋಗುತ್ತಿತ್ತು.

ಪಾಸ್ ಮಾರ್ಕಿನ ಸಂಗತಿಯನ್ನು ನಾನು ಮೊದಲ ದಿನವೇ ವಿವರಿಸಿದ್ದೆ, ಮೇಷ್ಟ್ರ ದನಿಯಲ್ಲಿ. ಜವಳಿ ಅಂಗಡಿಯವರು ಕೊಟ್ಟ ಗೋಡೆ ಕ್ಯಾಲೆಂಡರಿನಲ್ಲಿ ದಿನದಿನದ ಚೌಕದೊಳಗೆ ಇಬ್ಬರ ಅಂಕವನ್ನೂ ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದೆ. ಮೊದಲು ಅವರದು ಇಪ್ಪತ್ತು, ಮೂವತ್ತು. ಆಮೇಲೆ ಅರವತ್ತು. ಯುಗಾದಿ ಕಳೆದು ಕೆಲವು ದಿನಕ್ಕೆ, ಮೂರನೇ ಅಂಗಳದಲ್ಲಿ, ಚೆಂಡನ್ನು ಕೊಳದ ಸುತ್ತ ಪೂರ್ತಿ ಮೂರು ಪ್ರದಕ್ಷಿಣೆ ಹಾಕಿಸಿ ನೂರಾ ಹನ್ನೆರಡು ಹೊಡೆದರು. ನನ್ನ ಅತ್ಯುತ್ತಮ ಸಾಧನೆ ಅರವತ್ನಾಲ್ಕು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ? ಆದರೂ ೧೧೨ ಎಂದು ದೊಡ್ಡದಾಗಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಡಿಸ್ಟಿಂಕ್ಷನ್ ಎಂದು ಸೇರಿಸಿದೆ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಬಂದವರೆಲ್ಲ ಆ ಆಟವನ್ನೊಂದಿಷ್ಟು ಆಡಿ ಅಭಿಪ್ರಾಯ ಹೇಳದೆ ಹೋಗುತ್ತಿರಲಿಲ್ಲ. ಪಕ್ಕದ ಮನೆಯ ಕೃಷ್ಣಪ್ಪನವರು ನಿವೃತ್ತ ಇಂಜಿನಿಯರು. ಅವರು ಹತ್ತು ನಿಮಿಷ ಪರದೆಯನ್ನು ಪರಿಶೀಲಿಸಿ, "ಅಲ್ರೀ ಮೇಷ್ಟ್ರೇ, ಈ ಕೊಳದ ನೀರು ಹೊರಗೆ ಹೋಗೋದೆಲ್ಲಿಂದ? ಮೋರೀನೇ ಇಲ್ಲವಲ್ಲ. ಒಂದು ಮಳೆ ಬಂದ್ರೆ ಹುಲ್ಲೆಲ್ಲ ಮುಳುಗುತ್ತೆ" ಎಂದು ಆಟವನ್ನು ತಿರಸ್ಕರಿಸಿದರು. ವಸಂತ ಕಚೇರಿಯಿಂದ ಬಂದವಳು ಐದು ನಿಮಿಷ ಆಡಿ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಎದ್ದು, "ಆಟ ತುಂಬಾ ಚೆನ್ನಾಗಿದೆ ರೀ" ಎಂದಳು. ಅಷ್ಟು ಪ್ರಾಮಾಣಿಕವಾದ ಹೊಗಳಿಕೆಯನ್ನು ಯಾವ ಆಟಕ್ಕೂ ಯಾರೂ ಕೊಟ್ಟಿರಲಾರರು. ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಶಿವಲೀಲಾ ಬಾಗಲಕೋಟೆ ಕಡೆಯ ಹುಡುಗಿ, ಬಿಟಿಎಂ ಲೇಔಟಿನ ಆಫೀಸೊಂದರಲ್ಲಿ ಮಧ್ಯಾಹ್ನದ ಪಾಳಿ. ಬೆಳಗಿನ ಹೊತ್ತು ನಾವಿಬ್ಬರೂ ಕೆಲಸಕ್ಕೆ ಹೋದಾಗ ಕೆಳಗಿಳಿದು ಅತ್ತೆಯವರ ಜೊತೆ ಕೂತು, ಊರಿಂದ ತಂದ ರೊಟ್ಟಿ ಕೊಟ್ಟು, ಆಟವಾಡಿಸುತ್ತಿದ್ದಳು. ಅವಳ ಅಭಿಪ್ರಾಯ ಒಂದೇ ಸಾಲು: "ಮಸ್ತ್ ಐತ್ರಿ ಸರ, ಇದನ್ನ ಆಡಿದ್ರ ಬೆಂಗಳೂರಾಗ ಟ್ರಾಫಿಕ್ಕೇ ಇಲ್ಲ ಅನ್ನಿಸ್ತೈತಿ."

ಅತ್ತೆಯವರ ಅಭಿಪ್ರಾಯ ಮಾತ್ರ ಪ್ರಶ್ನೆಯ ರೂಪದಲ್ಲಿತ್ತು. "ಇಷ್ಟು ಚೆಂದದ ಜಾಗ ಮಾಡಿಟ್ಟಿದಾರೆ. ಗುಂಡಿಗೆ ಹಾಕೋದೊಂದೇ ಕೆಲಸ ಆಗಿದ್ರೆ ಇಷ್ಟೆಲ್ಲಾ ಯಾಕೆ ಬೇಕಿತ್ತು?"

ಮೇ ತಿಂಗಳ ರಜೆಯಲ್ಲಿ ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ನಾನೊಬ್ಬನೇ ಹದಿನೆಂಟೂ ಅಂಗಳಗಳನ್ನು ಮುಗಿಸಿದೆ. ಅದುವರೆಗೆ ನಾವು ಹತ್ತನೆಯದನ್ನೂ ದಾಟಿರಲಿಲ್ಲ. ಕೊನೆಗೆ ಒಂದು ಹಲಗೆ ಮೂಡಿತು. ಅದರಲ್ಲಿದ್ದ ಇಂಗ್ಲಿಷಿನ ಸಾರಾಂಶ ಇಷ್ಟು: ಒಳ್ಳೆಯ ಆಟಗಾರರು ಇದನ್ನು ಅರವತ್ತು ಹೊಡೆತಗಳಲ್ಲಿ ಮುಗಿಸುತ್ತಾರೆ; ತಾವು ಒಂಬೈನೂರು ಚಿಲ್ಲರೆ ತೆಗೆದುಕೊಂಡಿದ್ದೀರಿ; ಹೊಡೆತ ಕಡಿಮೆ ಮಾಡಲು ಇನ್ನೊಮ್ಮೆ ಪ್ರಯತ್ನಿಸಿ. ಅದನ್ನು ಮೂರು ಸಲ ಓದಿದೆ. ಇಪ್ಪತ್ತಾರು ವರ್ಷದ ಗಣಿತದ ಮೇಷ್ಟ್ರು, ಎರಡು ಅಂಕಿಗಳ ನಡುವಿನ ಸಂಬಂಧವನ್ನು ತಲೆಕೆಳಗಾಗಿ ಓದಿದ್ದೆ. ಗೋಡೆಯ ಮೇಲೆ ಕೆಂಪು ಪೆನ್ನಿನಲ್ಲಿ ೧೧೨ ನನ್ನನ್ನೇ ನೋಡುತ್ತಿತ್ತು.

ನನ್ನ ಮಾನ ಹೋದರೆ ಹೋಗಲಿ, ಅದಕ್ಕೆ ಅಭ್ಯಾಸವಿದೆ. ಅತ್ತೆಯವರ ಗತಿ? ಅಷ್ಟು ಹೊತ್ತಿಗೆ ಅವರು ವಾಕರು ಬಿಟ್ಟು ಕೋಲು ಹಿಡಿದಿದ್ದರು. ದಿನಕ್ಕೆ ನಾಲ್ಕು ಸಲ ಆ ಹನ್ನೆರಡು ಹೆಜ್ಜೆ ಹೋಗಿಬರುತ್ತಿದ್ದರು. ಆದರೆ ಹೊಸ್ತಿಲು ದಾಟಿರಲಿಲ್ಲ. ಬಾಗಿಲವರೆಗೆ ಬಂದು, ಅಂಗಳದ ಮೂರು ಮೆಟ್ಟಿಲು ನೋಡಿ, ಹಿಂದೆ ಸರಿಯುತ್ತಿದ್ದರು. ಹೊರಗೆ ನಡೆಯದಿದ್ದರೆ ಕಾಲಿಗೆ ಬಲ ಬರುವುದಿಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು. ಇಂಥ ಹೊತ್ತಿನಲ್ಲಿ, ನಿಮ್ಮ ನೂರಾ ಹನ್ನೆರಡು ಗೆಲುವಲ್ಲ, ಸೋಲು ಎಂದರೆ? ಮತ್ತೆ ಮಂಚ ಹಿಡಿದುಬಿಟ್ಟರೆ? ಮಾರನೆಯ ಬೆಳಿಗ್ಗೆ ಶಿವಲೀಲಾ ಸಿಕ್ಕಾಗ ಹಾಲಿನ ಮೂಲೆಗೆ ಕರೆದು ಪಿಸುದನಿಯಲ್ಲಿ ಕೇಳಿದೆ. "ಅಲ್ಲಮ್ಮಾ, ಈ ಆಟದಲ್ಲಿ ಕಡಿಮೆ ಹೊಡೆದವರು ಗೆಲ್ಲೋದಂತೆ. ನಿಂಗೆ ಗೊತ್ತಿತ್ತಾ?"

"ಹೂಂರಿ ಸರ... ನಿಮಗ ಈಗ ಗೊತ್ತಾತೇನ್ರಿ?" ಎಂದು ಅವಳು ಅತ್ತೆಯವರ ಕೋಣೆಯ ಬಾಗಿಲಿನ ಕಡೆ ನೋಡಿ ಕಿಸಕ್ಕನೆ ನಕ್ಕಳು.

ನನ್ನನ್ನು ನೋಡಿ ನಕ್ಕಳೆಂದೇ ತಿಳಿದೆ. "ಅತ್ತೆಯವರಿಗೆ ಮಾತ್ರ ಹೇಳಬೇಡ" ಎಂದೆ. "ಇಲ್ಲ ಬಿಡ್ರಿ, ನಾ ಯಾಕ ಹೇಳ್ಲಿ ಈಗ" ಎಂದು ಮೆಟ್ಟಿಲು ಹತ್ತಿ ಓಡಿದಳು.

ಆಮೇಲೆ ಕೆಲವು ದಿನ ನಾನು ಕಳ್ಳನಂತೆ ಸರಿಯಾಗಿ ಆಡಿದೆ. ಮೂರನೇ ಅಂಗಳವನ್ನು ಎರಡೇ ಹೊಡೆತಕ್ಕೆ ಮುಗಿಸಿದೆ. ಬೇಲಿಗೆ ತಾಗಿದ ಕೋನ, ಪುಟಿದ ಕೋನ, ಎಲ್ಲಾ ಲೆಕ್ಕದ ಪ್ರಕಾರ. ಮುಗಿದ ಮೇಲೆ ಏನು ಮಾಡುವುದೆಂದು ತಿಳಿಯಲಿಲ್ಲ. ಬಾತುಕೋಳಿಗಳು ಇನ್ನೂ ಕೊಳದ ನಡುವೆಯೇ ಇದ್ದವು. ಕೊಳಲಿನವನು ಇನ್ನೂ ಮೊದಲ ಸಾಲಿನಲ್ಲಿದ್ದ. ಎರಡು ಬಿಂದುಗಳ ನಡುವೆ ಅತಿ ಕಡಿಮೆ ದೂರ ಸರಳರೇಖೆ ಎಂದು ಸಾವಿರಾರು ಮಕ್ಕಳಿಗೆ ಪಾಠ ಹೇಳಿದ್ದೇನೆ. ಕಡಿಮೆ ದೂರ ಯಾಕೆ ಬೇಕು ಸಾರ್, ಅಲ್ಲಿ ಹೋಗಿ ಮಾಡೋದೇನಿದೆ ಎಂದು ಒಬ್ಬನೂ ಕೇಳಿರಲಿಲ್ಲ. ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ, ಬಿಡಿ. ಸಂಜೆಯ ಆಟದಲ್ಲಿ ಮಾತ್ರ ಮೊದಲಿನಂತೆಯೇ ಐವತ್ತು ಅರವತ್ತು ಹೊಡೆದು, ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದೆ. ಸುಳ್ಳು ಬರೆದೆನೆಂದು ಅನ್ನಿಸಲಿಲ್ಲ.

ಜೂನ್ ಬಂತು, ಶಾಲೆ ತೆರೆಯಿತು, ತುಂತುರು ಮಳೆ ಹಿಡಿಯಿತು. ಒಂದು ಸಂಜೆ ಅತ್ತೆ ಎಂಬತ್ತೆಂಟನೇ ಹೊಡೆತದಲ್ಲಿದ್ದರು, ಕೃಷ್ಣಪ್ಪನವರು ಒದ್ದೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಪರದೆ ನೋಡಿದರು, ಕ್ಯಾಲೆಂಡರು ನೋಡಿದರು. "ಅಲ್ರೀ ಮೇಷ್ಟ್ರೇ, ನಮ್ಮ ಕ್ಲಬ್ಬಿನಲ್ಲಿ ಒಬ್ರು ಹೇಳ್ತಿದ್ರು, ಗಾಲ್ಫಲ್ಲಿ ಕಡಿಮೆ ಹೊಡೆದೋರೇ ಗೆಲ್ಲೋದಂತೆ. ನೀವು ಉಲ್ಟಾ ಬರ್ಕೊಂಡಿದೀರಲ್ರೀ! ಲೆಕ್ಕದ ಮೇಷ್ಟ್ರಾಗಿ!" ಎಂದು ಹೊಟ್ಟೆ ಕುಣಿಸಿ ನಕ್ಕರು.

ಅತ್ತೆಯವರ ಕೈ ಮೌಸಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಚೆಂಡನ್ನು ಮೆಲ್ಲಗೆ ಗುಂಡಿಗೆ ಬೀಳಿಸಿ, ಕೋಲು ತೆಗೆದುಕೊಂಡು, ಯಾರನ್ನೂ ನೋಡದೆ ಎದ್ದು ಕೋಣೆಗೆ ಹೋದರು. ಮಾರನೆಯ ಸಂಜೆ ಆಟಕ್ಕೆ ಬರಲಿಲ್ಲ. "ಇವತ್ತು ಬೇಡವಂತೆ" ಎಂದಳು ವಸಂತ. ಹತ್ತು ವರ್ಷದ ಹಳೇ ದಾರಿಯಲ್ಲೇ ಸುದ್ದಿ ಬಂದಿತ್ತು. ನಾನು ಕಂಪ್ಯೂಟರು ಆರಿಸಿದೆ. ನಮ್ಮ ಹಾಲ್ ಇದ್ದಕ್ಕಿದ್ದಂತೆ ಬರೀ ನಾಲ್ಕು ಗೋಡೆಯಾಗಿ ಕಂಡಿತು. ಒಬ್ಬ ಮುದುಕಿಯನ್ನು ಎಬ್ಬಿಸಿ ನಿಲ್ಲಿಸಿದ ನನ್ನ ತಪ್ಪೇ ಈಗ ಅವರನ್ನು ಮತ್ತೆ ಮಲಗಿಸಿತು ಎಂದು ಸಂಕಟವಾಯಿತು. ಕೃಷ್ಣಪ್ಪನವರ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆಯುವಂತಿಲ್ಲ.

ಅದರ ಮಾರನೆಯ ದಿನ ನಾಲ್ಕೂವರೆಗೆ ಶಾಲೆಯಿಂದ ಬಂದೆ. ಗೇಟನ್ನು ಮರೆಮಾಡಿ ಬೀದಿಯಲ್ಲಿ ನಿಂತಿದ್ದ ಹಾಲಿನ ವ್ಯಾನನ್ನು ಸುತ್ತಿಕೊಂಡು ಪಕ್ಕದ ಓಣಿಯ ಬಾಗಿಲಿನಿಂದ ಒಳಗೆ ಹೋದರೆ ಅತ್ತೆಯವರ ಮಂಚ ಖಾಲಿ. ಅಡುಗೆಮನೆಯಲ್ಲಿಲ್ಲ, ಬಚ್ಚಲಿನಲ್ಲಿಲ್ಲ. ಮುಂಬಾಗಿಲು ತೆರೆದಿತ್ತು. ಓಡಿ ಬಂದು ನೋಡಿದರೆ, ಮೂರೂ ಮೆಟ್ಟಿಲುಗಳನ್ನು ಇಳಿದು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಗೇಟಿನ ಸರಳು ಹಿಡಿದು ನಿಂತಿದ್ದಾರೆ. 

ನನ್ನನ್ನು ಕಂಡು, ಗೇಟಿನ ಕಡೆ ಮುಖ ಮಾಡಿಯೇ ಹೇಳಿದರು: "ಪೆಟ್ಟಿಗೇಲಿರೋ ಕೆರೆ ಸುತ್ತಿದ್ದಾಯ್ತು. ನಮ್ಮ ಕೆರೆ ನೋಡಿ ಐದು ತಿಂಗಳಾಯ್ತು. ವಸಂತ ಬರೋದು ಲೇಟು. ನಿಮಗೆ ಕಷ್ಟ ಆಗಲ್ಲ ಅಂದ್ರೆ..."

ಕಷ್ಟವೇ! ಆದರೆ ಕೈ ಹಿಡಿಯುವುದು ಹೇಗೆ? ಗೇಟಿನ ಬಳಿ ನಿಂತು ಒಂದು ನಿಮಿಷ ಇಬ್ಬರೂ ಯೋಚಿಸಿದೆವು. ಕೊನೆಗೆ ನನ್ನ ಮಡಿಸಿದ ಕೊಡೆಯ ಒಂದು ತುದಿಯನ್ನು ನಾನು ಹಿಡಿದು ಇನ್ನೊಂದನ್ನು ಮುಂದೆ ಚಾಚಿದೆ. ಅವರು ಹಿಡಿದುಕೊಂಡರು. ಅತ್ತೆ, ಕೊಡೆ, ಅಳಿಯ, ಈ ಕ್ರಮದಲ್ಲಿ ನಮ್ಮ ಮೆರವಣಿಗೆ ಬೀದಿಗೆ ಬಂತು. ಕೃಷ್ಣಪ್ಪನವರು ಕಿಟಕಿಯಿಂದ ನೋಡಿದರು. ನೋಡಲಿ.

ಕೆರೆಯವರೆಗೆ ಹೋಗುವ ಶಕ್ತಿ ಇಬ್ಬರಿಗೂ ಇರಲಿಲ್ಲ, ಅವರಿಗೆ ಕಾಲಿನದು, ನನಗೆ ಧೈರ್ಯದ್ದು. ನಮ್ಮ ರಸ್ತೆಯ ತುದಿಯಲ್ಲಿ ಹೊಂಗೆಮರದ ಕೆಳಗೆ ಕಲ್ಲುಬೆಂಚಿದೆ, ಅಲ್ಲಿಂದ ಕೆರೆ ಕಾಣಿಸುತ್ತದೆ. ಕೆರೆ ಎಂದು ಗೌರವಕ್ಕೆ ಅನ್ನಬೇಕು. ನೀರಿಗಿಂತ ಜೊಂಡೇ ಹೆಚ್ಚು. ಆದರೂ ಮೋಡದ ಸಂದಿಯಿಂದ ಬಿಸಿಲು ಬಿದ್ದ ಕಡೆಯಲ್ಲಿ ನೀರು ಹೊಳೆಯುತ್ತಿತ್ತು. ಎರಡು ಬೆಳ್ಳಕ್ಕಿಗಳು ಆ ದಡದಿಂದ ಈ ದಡಕ್ಕೆ ಬಂದವು. ಅತ್ತೆ ಅವು ಇಳಿಯುವವರೆಗೂ ನೋಡಿದರು.

"ಕೃಷ್ಣಪ್ಪನವರು ಅಂದಿದ್ದಕ್ಕೆ ನೀವು ಬೇಜಾರು ಮಾಡ್ಕೋಬೇಡಿ," ಎಂದರು.

"ನಾನ್ಯಾಕೆ ಬೇಜಾರು ಮಾಡ್ಕೊಳ್ಲಿ? ನಿಮಗೆ ಬೇಜಾರಾಗಿ ಆಟಕ್ಕೇ ಬರಲಿಲ್ಲ ಅಂತ ನಾನು..."

"ನಂಗ್ಯಾಕೆ ಬೇಜಾರು? ನಿಮಗೆ ನಾಚಿಕೆ ಆಗಿರತ್ತೆ, ಎರಡು ದಿನ ಎದುರಿಗೆ ಬರೋದು ಬೇಡ ಅಂತ ಸುಮ್ಮನಿದ್ದೆ. ನಂಗೆ ಗೊತ್ತಿತ್ತಲ್ಲ. ಶಿವಲೀಲಾ ಯುಗಾದಿಗೆ ಮುಂಚೇನೇ ಹೇಳಿದ್ಲು. ನೀವು ದಿನಾ ಅಷ್ಟು ಖುಷಿಯಾಗಿ ಕ್ಯಾಲೆಂಡರಲ್ಲಿ ಬರೀತಿದ್ರಿ. ಲೆಕ್ಕದ ಮೇಷ್ಟ್ರು ಬೇರೆ. ನಿಮ್ಮ ಮನಸ್ಸು ನೋಯಿಸೋದು ಬೇಡ, ಹೇಳಬೇಡ ಕಣೇ ಅಂತ ಅವಳಿಗೂ ಹೇಳಿದ್ದೆ."

ನಾನು ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಅತ್ತೆಯವರೂ ಕೂತರು, ಅಳಿಯನ ಪಕ್ಕದಲ್ಲಿ, ಅದೇ ಬೆಂಚಿನ ಮೇಲೆ. ಯುಗಾದಿಗೆ ಮುಂಚೆ ಎಂಬ ಮಾತು ಆಗ ನನ್ನ ತಲೆಗೆ ಹೊಳೆಯಿತು. "ಹಾಗಾದ್ರೆ ನೂರಾ ಹನ್ನೆರಡು?"

"ಗೊತ್ತಾದ ಮೇಲೇ ಹೊಡೆದದ್ದು," ಎಂದರು. ಅದೇ ಬಾಯಿಗೆ ಸೆರಗು ಒತ್ತಿದ ನಗು. "ಅದಕ್ಕೆ ಮುಂಚೆ ಎಪ್ಪತ್ತು ದಾಟಿರ್ಲಿಲ್ಲ. ಗುಂಡಿ ಎಲ್ಲಿ ಓಡಿಹೋಗತ್ತೆ ಹೇಳಿ? ಅದು ಅಲ್ಲೇ ಇರತ್ತೆ. ಹೋಗೋರು ಸ್ವಲ್ಪ ನೋಡ್ಕೊಂಡು ಹೋಗೋಣ ಅನ್ನಿಸ್ತು."

ತುಂತುರು ಶುರುವಾಯಿತು. ಕೊಡೆ ಬಿಚ್ಚಬೇಕಾಯಿತು, ಬಿಚ್ಚಿದ ಕೊಡೆಯ ತುದಿ ಹಿಡಿಯಲಾಗುವುದಿಲ್ಲ. ಅತ್ತೆ ಒಂದು ಕ್ಷಣ ಕೊಡೆಯನ್ನೂ ನನ್ನನ್ನೂ ನೋಡಿ, ನನ್ನ ಮುಂಗೈ ಹಿಡಿದುಕೊಂಡರು. ಹಗುರವಾದ ಕೈ, ಹೋಳಿಗೆ ತಟ್ಟುವ ಕೈ. ಬಂದ ದಾರಿಗೆ ತಿರುಗಿದೆ. "ಅದು ಬೇಡ, ದೂರ ಕಮ್ಮಿ," ಎಂದರು. "ಹಾಲಿನ ಬೂತ್ ಕಡೆಯಿಂದ ಸುತ್ತಿ ಹೋಗೋಣ. ಅಲ್ಲಿ ದಾಸವಾಳ ಬಿಟ್ಟಿರತ್ತೆ." ಸರಳರೇಖೆಯ ಮೇಷ್ಟ್ರು ಬಾಯಿ ಮುಚ್ಚಿಕೊಂಡು ಸುತ್ತಿನ ದಾರಿ ಹಿಡಿದ. ಹೂ ಕಿತ್ತದ್ದು ಯಾರೆಂದು ಕೇಳಬೇಡಿ, ಎತ್ತರ ಇದ್ದವರು ನಾವಿಬ್ಬರಲ್ಲಿ ಒಬ್ಬರೇ.

ಮನೆಗೆ ಬಂದು ಆ ದಿನದ ಚೌಕದಲ್ಲಿ ಕೆಂಪು ಪೆನ್ನಿನಿಂದ ೪೩೧ ಎಂದು ಬರೆದೆ. ಗೇಟಿನಿಂದ ಗೇಟಿಗೆ ಎಣಿಸಿದ ಹೆಜ್ಜೆ. ಪಾಸ್ ಮಾರ್ಕಿನ ಜಾಗ ಖಾಲಿ ಬಿಟ್ಟೆ. ಆರೂವರೆಗೆ ವಸಂತ ಬಂದವಳು ಬ್ಯಾಗು ಇಡುತ್ತಾ ಕ್ಯಾಲೆಂಡರು ನೋಡಿ, "ಅಯ್ಯಯ್ಯೋ, ನಾನೂರು ದಾಟಿದೆಯಲ್ಲ, ಇಷ್ಟು ಹೊಡೆದೋರು ಯಾರು ರೀ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ, ದೇವರ ಕೋಣೆಯಿಂದ, ಹೂ ಏರಿಸುತ್ತಿದ್ದ ಅತ್ತೆ ಉತ್ತರ ಕೊಟ್ಟರು: "ನಾವಿಬ್ರೂ ಸೇರಿ ಕಣೇ."